ನಲವತ್ತೊಂದನೆಯ ಸೀಸೆ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಸುರಪುರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ. ಉತ್ತರದ ಕಿಟಕಿಯ ಕೆಳಗೆ ಶಹಾಬಾದಿ ಕಲ್ಲಿನ ಉದ್ದನೆಯ ಮೇಜು. ಅದರ ಎಡತುದಿಯಲ್ಲಿ, ನೀರಿನ ತೊಟ್ಟಿಯಿಂದ ಮೂರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಎಡದಂಡೆ ಕಾಲುವೆಗೆ ನೀರು ಬಿಟ್ಟ ಐದನೆಯ ವರ್ಷ, ದಸರೆಯ ರಜೆಯ ಮೊದಲ ಮಂಗಳವಾರ, ಬೆಳಗಿನ ಹನ್ನೊಂದು ದಾಟಿತ್ತು. ಕೈಯಲ್ಲಿ ಸಣ್ಣ ಹಲ್ಲಿನ ಗರಗಸವಿತ್ತು.

ಇಷ್ಟು ವರ್ಷ ಇದನ್ನು ಬರೆಯಬೇಕೆನಿಸಿರಲಿಲ್ಲ. ಹೋದ ತಿಂಗಳು ಯಾದಗಿರಿಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಿದ್ದೆ. ಯಂತ್ರ ಹಲ್ಲಿಗೆ ತಾಗಿದಾಗ ಒಂದು ವಾಸನೆ ಎದ್ದಿತು. ಸುಟ್ಟ ಕೂದಲಿನದೂ ಅಲ್ಲ, ಸುಟ್ಟ ಕೊಂಬಿನದೂ ಅಲ್ಲ, ಅವೆರಡರ ನಡುವಿನದು. ಡಾಕ್ಟರು ನೋವಾಯಿತೇ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ನೋವಾಗಿರಲಿಲ್ಲ. ಗರಗಸವನ್ನು ಜೋರಾಗಿ ಎಳೆದಾಗ ಎಲುಬಿನಿಂದ ಬರುತ್ತಿದ್ದ ವಾಸನೆ ಅದು...

ನಾನು ಆ ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕನಾಗಿದ್ದೆ. ಗಾಜು ತೊಳೆಯುವುದು, ಆಮ್ಲ ಅಳೆಯುವುದು, ಬೀಗ ಹಾಕುವುದು ನನ್ನ ಕೆಲಸ. ಕಾಲುವೆಗೆ ನೀರು ಬಂದ ಎರಡನೆಯ ವರ್ಷ ಹೈದರಾಬಾದಿನಿಂದ ಒಬ್ಬರು ವಿಜ್ಞಾನಿ ಬಂದರು, ಹೆಂಗಸು. ಸುತ್ತಲಿನ ಹಳ್ಳಿಗಳಲ್ಲಿ ಓದಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಿದ್ದರು. ಇವರು ಯಾರಿಗೂ ಏನೂ ಓದಿಸದೆ ಎಲುಬು ಕೇಳಿಕೊಂಡು ಓಡಾಡಿದ್ದರಿಂದ ಎಲುಬಿನ ಅಕ್ಕೋರು ಎಂದು ಹೆಸರಾಯಿತು. ನಾನೂ ಅಕ್ಕೋರು ಎಂದೇ ಕರೆದೆ. ಐವತ್ತರ ಹತ್ತಿರದ ವಯಸ್ಸು. ಬಲಗಾಲನ್ನು ಕೊಂಚ ಹೊರಗೆ ಸುತ್ತಿಸಿ ಇಡುತ್ತಿದ್ದರು. ಮೆಟ್ಟಿಲು ಹತ್ತುವಾಗ ಯಾರಾದರೂ ನೋಡುತ್ತಿದ್ದರೆ ನಿಂತು ಚೀಲದಲ್ಲಿ ಏನೋ ಹುಡುಕುವಂತೆ ಮಾಡುತ್ತಿದ್ದರು.

ಅವರು ಮಾಡುತ್ತಿದ್ದುದು ಎಲುಬಿನೊಳಗೆ ಬೆಳಕು ಹಾಯಿಸಿ ನೋಡುವ ಕೆಲಸ. ಹೈದರಾಬಾದಿನ ಸಂಸ್ಥೆಯೊಂದರಲ್ಲಿ ಇಪ್ಪತ್ತು ವರ್ಷ ಅದನ್ನೇ ಮಾಡಿದ್ದರು. ಎಲುಬನ್ನು ಹಿಟ್ಟಿನಂತೆ ಅರೆದು, ಕಣ್ಣಿಗೆ ಕಾಣದ ಬೆಳಕನ್ನು ಅದರ ಮೂಲಕ ಬಿಟ್ಟರೆ, ಒಂದಿಷ್ಟನ್ನು ಎಲುಬು ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಬಿಟ್ಟುಕೊಡುತ್ತದೆ. ಹಿಡಿದದ್ದೆಷ್ಟು ಬಿಟ್ಟದ್ದೆಷ್ಟು ಎಂಬುದನ್ನು ಯಂತ್ರ ಕಾಗದದ ಮೇಲೆ ಗೀಟಾಗಿ ಎಳೆಯುತ್ತದೆ. ಗುಡ್ಡ, ತಗ್ಗು, ಗುಡ್ಡ. ಆ ಗೀಟಿನಲ್ಲಿ ಎಲುಬು ಯಾವುದರಿಂದ ಕಟ್ಟಿಕೊಂಡಿದೆ ಎಂಬುದು ಇರುತ್ತದೆ. ಕೀಲಿನ ಮೇಲಿನ ಮೃದ್ವಸ್ಥಿಯ ಬಗ್ಗೆಯೂ ಅವರಿಗೆ ಅಷ್ಟೇ ಆಸ್ಥೆ. ಮಾಂಸದ ಅಂಗಡಿಯಲ್ಲಿ ಕುರಿಯ ಕಾಲಿನ ಕೀಲು ಬಿಡಿಸಿದಾಗ ಹೊಳೆಯುವ, ಜಾರುವ, ಹಾಲಿನ ಕೆನೆಯಂಥ ಪದರ ಅದು ಎಂದು ನನಗೆ ತೋರಿಸಿ ಹೇಳಿದ್ದರು. "ನೋವು ಮನುಷ್ಯಾಗ ಗೊತ್ತಾಗೂಕಿಂತ ಮೊದಲ ಇದಕ್ಕ ಗೊತ್ತಿರತದ," ಎಂದಿದ್ದರು.

ಅವರು ಬಂದದ್ದು ಒಂದು ದೊಡ್ಡಿಗಾಗಿ. ದೊಡ್ಡಿ ಎಂದರೆ ಕುರಿ ಸಾಕುವವರ ಸಣ್ಣ ಊರು. ಅದರ ಹೆಸರು ಬರೆಯುವುದಿಲ್ಲ, ಅಲ್ಲಿನ ಹೆಣ್ಣುಮಕ್ಕಳಿಗೆ ಇನ್ನೂ ಮದುವೆಯಾಗಬೇಕಿದೆ. ಕಾಲುವೆ ದಿನ್ನೆಯ ಕೆಳಗೆ ಹಾದುಹೋಗಿತ್ತು, ದೊಡ್ಡಿ ದಿನ್ನೆಯ ಮೇಲಿತ್ತು. ಕುಡಿಯಲು ಇದ್ದದ್ದು ಒಂದು ಬೋರಿಂಗು, ಕೈಯಿಂದ ಒತ್ತಿ ನೀರೆತ್ತುವ ಕಬ್ಬಿಣದ ಹಿಡಿಕೆಯದು. ಅಲ್ಲಿನ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ನಲವತ್ತು ದಾಟಿದವರು ಮಗ್ಗುಲು ಬದಲಿಸಲು ಗೋಡೆ ಹಿಡಿಯುತ್ತಿದ್ದರು. ನೀರಿನಲ್ಲಿ ಫ್ಲೋರೈಡ್ ಇರುವುದು ಅಧಿಕಾರಿಗಳಿಗೂ ಗೊತ್ತಿತ್ತು. ಆದರೆ ಬೋರಿಂಗು ಮುಚ್ಚಿ ಕಾಲುವೆಯ ನೀರನ್ನು ಮೇಲಕ್ಕೆ ತರಬೇಕಾದರೆ, ನೀರಿನಲ್ಲಿರುವುದು ಮೈಯೊಳಗೂ ಹೋಗಿದೆ ಎಂಬ ಪುರಾವೆ ಬೇಕೆಂದರು. ಅಕ್ಕೋರ ತಂದೆ ಆ ದೊಡ್ಡಿಯಲ್ಲಿ ಮಾಸ್ತರಾಗಿದ್ದರಂತೆ. ಅಕ್ಕೋರು ಹದಿನೈದು ವರ್ಷದವರೆಗೆ ಬೆಳೆದದ್ದು ಅಲ್ಲಿಯೇ. ಆಗ ಬೋರಿಂಗು ಇರಲಿಲ್ಲ, ಅದೇ ಬಂಡೆಯಲ್ಲಿ ತೋಡಿದ ಬಾವಿ ಇತ್ತು.

ಎಲುಬು ತಂದುಕೊಡುತ್ತಿದ್ದವನು ದೊಡ್ಡಿಯ ಒಬ್ಬ ಮುದುಕ, ಎಲ್ಲರ ಬಾಯಲ್ಲೂ ಮುತ್ಯಾ. ಸತ್ತ ಕುರಿಯ ತೊಡೆಯ ಎಲುಬನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಬೆನ್ನು ಬಗ್ಗಿಸಿಯೇ ನಡೆದು ಬರುತ್ತಿದ್ದ. ಬೆನ್ನು ನೆಟ್ಟಗಾಗದೆ ಹತ್ತು ವರ್ಷವಾಗಿತ್ತು. ಮೇಲೆ ನೋಡಬೇಕಾದರೆ ಇಡೀ ಮೈಯನ್ನೇ ಪಕ್ಕಕ್ಕೆ ತಿರುಗಿಸುತ್ತಿದ್ದ. ಸೊಸೆ ಶರಣವ್ವ ಚೀಲದ ಒಂದು ತುದಿ ಹಿಡಿದಿರುತ್ತಿದ್ದಳು.

"ಅಕ್ಕೋರ, ನಮ್ಮ ದೊಡ್ಡಿ ನಾಯಿಗೋಳು ನಿಮ್ಮ ಮ್ಯಾಲ ಸಿಟ್ಟಾಗ್ಯಾವ ನೋಡ್ರಿ," ಎನ್ನುತ್ತಿದ್ದ. "ಅವುಗಳ ಪಾಲಿಂದು ನೀವು ಒಯ್ಯಾಕತ್ತೀರಿ."

ಅಕ್ಕೋರು ನಗುತ್ತಿದ್ದರು. ಅವರು ನಗುತ್ತಿದ್ದುದು ಅವನೆದುರು ಮಾತ್ರ.

ಎಲುಬು ಎರಡು ಗುಂಪಿನವು. ಬೋರಿಂಗಿನ ಪಕ್ಕದ ಕಲ್ಲಿನ ದೋಣಿಯಲ್ಲಿ ನೀರು ಕುಡಿದ ಕುರಿಗಳದು ಒಂದು, ವನದುರ್ಗದ ಕಡೆ ಕಾಲುವೆಯ ನೀರು ಕುಡಿದ ಕುರಿಗಳದು ಇನ್ನೊಂದು. ಎರಡನ್ನೂ ನಾನೇ ಕೊಯ್ದು, ಗಾಜಿನಷ್ಟು ನುಣುಪಾದ ಅಗೇಟ್ ಕಲ್ಲಿನ ಸಣ್ಣ ಒರಳಿನಲ್ಲಿ ಅರೆದು, ಹೆಬ್ಬೆರಳಿನುದ್ದದ ಸೀಸೆಗಳಲ್ಲಿ ತುಂಬಿ, ನಂಬರು ಅಂಟಿಸುತ್ತಿದ್ದೆ. ಪ್ರತಿ ನಂಬರಿಗೂ ದಪ್ಪ ನೋಟುಬುಕ್ಕಿನಲ್ಲಿ ಒಂದು ಪುಟ. ಎಲ್ಲಿ ನಿಂತು ಕೊಯ್ದೆ, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು ಎಂದು ಬರೆಯಲೇಬೇಕು. ಪುಡಿ ಎಷ್ಟೇ ಇರಲಿ, ಎಲುಬಿನ ಅರ್ಧವನ್ನು ಹಾಗೆಯೇ ಜಾಡಿಯಲ್ಲಿ ಕಾದಿಡಬೇಕು. ಇವೆರಡು ಅವರ ಕಟ್ಟಳೆ. ಸೀಸೆಗಳನ್ನು ಅವರು ಗುರುಮಠಕಲ್ ಮೇಲಿನ ಬಸ್ಸಿನಲ್ಲಿ ಹೈದರಾಬಾದಿಗೆ ಒಯ್ದು, ಗೀಟಿನ ಕಾಗದದ ಸುರುಳಿಯೊಂದಿಗೆ ಮರಳುತ್ತಿದ್ದರು.

ಈಗ ನನ್ನ ತಪ್ಪು. ಮೊದಲ ಹನ್ನೆರಡು ಎಲುಬು ಬಂದದ್ದು ಕಡುಬೇಸಿಗೆಯಲ್ಲಿ. ಅಕ್ಕೋರು ಊರಲ್ಲಿರಲಿಲ್ಲ. ಮಾಂಸದ ಚೂರು ಹತ್ತಿದ್ದವು, ನೊಣ ಮುತ್ತಿದವು. ಪ್ರಾಂಶುಪಾಲರು ವಾಸನೆ ಎಂದರು. ನಮ್ಮ ಕಡೆ ಸತ್ತ ದನದ ಎಲುಬು ಹೊಲದಲ್ಲಿ ಸಿಕ್ಕರೂ ಒಂದು ಹಿಡಿ ಸುಣ್ಣ ಚೆಲ್ಲದೆ ಮುಟ್ಟುವುದಿಲ್ಲ. ಹುಳ ಸಾಯುತ್ತದೆ, ಮೈಲಿಗೆಯೂ ಹೋಗುತ್ತದೆ. ನಾನು ಕಾಲೇಜಿನ ಹಿಂದೆ ಗುಂಡಿ ತೋಡಿ, ಸುಣ್ಣದ ತಿಳಿಯಲ್ಲಿ ಆ ಹನ್ನೆರಡನ್ನೂ ನಾಲ್ಕು ದಿನ ಮುಳುಗಿಸಿಟ್ಟೆ. ಮೇಲೆತ್ತಿ ತೊಳೆದಾಗ ಮಲ್ಲಿಗೆಯ ಹಾಗೆ ಬೆಳ್ಳಗಿದ್ದವು. ಅಕ್ಕೋರು ಬಂದು ನೋಡಿ, ಚಲೋ ತೊಳೆದಿದ್ದೀ ಎಂದರು. ಆ ಒಂದು ಮಾತು ನನಗೆ ಸಾಕಾಯಿತು, ಸುಣ್ಣದ ವಿಷಯ ಹೇಳಲಿಲ್ಲ. ಕಾಲುವೆಯ ಕಡೆಯ ಎಲುಬು ಬಂದದ್ದು ಮಳೆ ಬಿದ್ದ ಮೇಲೆ. ಅವನ್ನು ಬರಿ ನೀರಿನಲ್ಲಿ ತೊಳೆದೆ.

ಗೀಟುಗಳು ಬಂದವು. ಬೋರಿಂಗಿನ ಕುರಿಗಳ ಗೀಟು ಬೇರೆ, ಕಾಲುವೆಯ ಕುರಿಗಳ ಗೀಟು ಬೇರೆ. ಅಕ್ಕೋರು ಎರಡೂ ಕಾಗದಗಳನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬಹಳ ಹೊತ್ತು ನಿಂತಿದ್ದರು. ವರದಿ ಬರೆದು ಕೊಟ್ಟರು. ಅಧಿಕಾರಿಗಳು ಒಪ್ಪಿದರು. ಬೋರಿಂಗು ಮುಚ್ಚಲು, ಕಾಲುವೆಯ ನೀರಿಗೆ ದಿನ್ನೆಯ ಮೇಲೆ ತೊಟ್ಟಿ ಕಟ್ಟಲು ಕಾಗದ ಹೊರಟಿತು.

ಆ ಸಂಜೆ ಅಕ್ಕೋರು ನನಗೆ ತಮ್ಮ ಲೆಕ್ಕವನ್ನು ಬಿಡಿಸಿ ಹೇಳಿದರು. ಫ್ಲೋರೈಡ್ ಹೊಕ್ಕ ಎಲುಬಿನಲ್ಲಿ ಗೀಟು ಎಲ್ಲಿ ತಗ್ಗುತ್ತದೆ, ಯಾವುದು ಸೇರಿಕೊಂಡರೆ ಎಲ್ಲಿ ಏಳುತ್ತದೆ ಎಂದೆಲ್ಲ. ಮಾತಿನ ನಡುವೆ ಸುಣ್ಣದ ಹೆಸರೂ ಬಂತು. ಸುಣ್ಣ ತಾಗಿದರೆ ಅದರ ಗುಡ್ಡವೂ ಅದೇ ಸುತ್ತಿನಲ್ಲಿ ಏಳುತ್ತದೆ, ಅದಕ್ಕೇ ಗೋಡೆಯ ಧೂಳು ಕೂಡ ಬೀಳದಂತೆ ನೋಡಿಕೋ ಎಂದರು. ನಾನು ತಲೆಯಾಡಿಸಿದೆ. ಮನೆಗೆ ಹೋಗಿ ಉಂಡೆ. ಹನ್ನೊಂದು ದಿನ ಏನೂ ಹೇಳಲಿಲ್ಲ. ಹನ್ನೊಂದು ಎಂದು ನೆನಪಿಟ್ಟುಕೊಂಡು ಬರೆಯುತ್ತಿದ್ದೇನೆ.

ಹನ್ನೆರಡನೆಯ ದಿನ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕುಳಿತು ನೋಟುಬುಕ್ಕು ತೆರೆದು ನನ್ನ ಕಡೆ ಸರಿಸಿದರು.

"ಯಾವ ದಿವಸ ಹಾಕಿದಿ, ಯಾವ ದಿವಸ ತೆಗೆದಿ, ಬರಿ. ಗುಂಡಿ ಎಲ್ಲಿ ತೋಡಿದ್ದಿ, ಅದನ್ನೂ ಬರಿ."

ಬರೆದೆ. ಮರುದಿನ ಅವರು ವರದಿಯನ್ನು ಹಿಂದಕ್ಕೆ ಪಡೆಯುವ ಪತ್ರ ಬರೆದರು. ವ್ಯತ್ಯಾಸದಲ್ಲಿ ನೀರಿನದು ಎಷ್ಟು, ಸುಣ್ಣದ್ದು ಎಷ್ಟು ಎಂದು ಬೇರ್ಪಡಿಸಲಾಗದು ಎಂದಿತ್ತು. ಎಲುಬಿನ ಶುದ್ಧತೆಯ ಹೊಣೆ ತಮ್ಮದು ಎಂದಿತ್ತು. ನನ್ನ ಹೆಸರು ಅದರಲ್ಲಿರಲಿಲ್ಲ. ನಾನು ಹೇಳದಿದ್ದರೆ, ಅವರು ಬರೆಯದಿದ್ದರೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೋರಿಂಗು ಮುಚ್ಚುತ್ತಿತ್ತು.

ಮುಚ್ಚಲಿಲ್ಲ. ಅಕ್ಕೋರು ಹೊಸದಾಗಿ ಎಲುಬು ಕೂಡಿಸಿದರು, ಸೀಸೆಗಳು ನಲವತ್ತಾದವು. ಸುಣ್ಣ ತಾಗಿದ ಹನ್ನೆರಡನ್ನೂ ಎಸೆಯಲಿಲ್ಲ, ಅಡ್ಡಗೆರೆ ಎಳೆದು ನಂಬರನ್ನು ಹಾಗೆಯೇ ಬಿಟ್ಟರು. ಹೊಸ ಗೀಟುಗಳಲ್ಲೂ ವ್ಯತ್ಯಾಸವಿತ್ತು, ಮೊದಲಿನಷ್ಟು ಎದ್ದು ಕಾಣುವಂತಿರಲಿಲ್ಲ. ಶಹಾಪುರದ ಕಚೇರಿಗೆ ಅವರೊಂದಿಗೆ ನಾನೂ ಹೋಗಿದ್ದೆ. ಅಲ್ಲಿದ್ದ ಸಾಹೇಬರು ಕಾಗದ ನೋಡದೆಯೇ, ಕುರಿಯದು ಒಮ್ಮೆ ನೋಡಿ ಆಯಿತಲ್ಲ ಎಂದರು. ಮನುಷ್ಯರ ಎಲುಬು ಇದ್ದರೆ ತನ್ನಿ ಎಂದು ನಕ್ಕರು. ಅಕ್ಕೋರು ಸುರುಳಿ ಸುತ್ತಿ ರಬ್ಬರು ಹಾಕಿದರು.

ಮನುಷ್ಯರ ಎಲುಬು ಯಾರು ಕೊಡುತ್ತಾರೆ? ದೊಡ್ಡಿಯವರು ಸತ್ತವರನ್ನು ಹೂಳುತ್ತಾರೆ. ಹೂತದ್ದನ್ನು ಮುಟ್ಟುವ ಮಾತು ಆಡುವಂತಿಲ್ಲ, ಅಕ್ಕೋರು ಆಡಲೂ ಇಲ್ಲ. ಮುತ್ಯಾ ಮಾತ್ರ, ತಾನು ಸತ್ತರೆ ಒಂದು ಎಲುಬು ತಗೊಳ್ಳಿ, ನೆಟ್ಟಗಿರದ ಬೆನ್ನು ಮಣ್ಣಿಗೆ ಹೋಗಿ ಏನಾಗಬೇಕು ಎಂದಿದ್ದ. ಶರಣವ್ವ ಚೀಲವನ್ನು ಅಲ್ಲಿಯೇ ಬಿಟ್ಟು ಹೊರಗೆ ಹೋದಳು. ಅಕ್ಕೋರು ಅವನಿಗೆ, ನೀನು ಸಾಯುವುದನ್ನು ಕಾಯುತ್ತ ಕೂರುವ ಕೆಲಸ ನನ್ನದಲ್ಲ ಎಂದರು.

ಹೀಗೆ ಎರಡು ವರ್ಷ ಹೋಯಿತು. ಆ ಎರಡು ವರ್ಷವೂ ದೊಡ್ಡಿಯಲ್ಲಿ ಮಕ್ಕಳು ಹುಟ್ಟಿದರು, ಹಾಲು ಬಿಟ್ಟರು, ಬೋರಿಂಗಿನ ನೀರು ಕುಡಿಯತೊಡಗಿದರು. ಅವರನ್ನು ನಾನು ಎಣಿಸಲಿಲ್ಲ. ಎಣಿಸಬಹುದಿತ್ತು...

ಆಮೇಲೆ ಅಕ್ಕೋರು ಕಾಲಿನ ಇಲಾಜಿಗೆಂದು ಹೈದರಾಬಾದಿಗೆ ಹೋದರು. ಮೂರು ತಿಂಗಳು ಬರಲಿಲ್ಲ. ಬಂದದ್ದು ನಾನು ಮೊದಲು ಹೇಳಿದ ಆ ಮಂಗಳವಾರ. ಎಡಗೈಯಲ್ಲಿ ಕೋಲಿತ್ತು. ಹಿಂದೆ ಕೂಲಿಯವನು ಅಗಲ ಬಾಯಿಯ ದೊಡ್ಡ ಫ್ಲಾಸ್ಕು ಹೊತ್ತು ತಂದು, ಇಟ್ಟು ಹೋದ. ಒಳಗೆ ಬರ್ಫದ ನಡುವೆ ಎರಡು ಡಬ್ಬಿ. ಒಂದರ ಮೇಲೆ ನಲವತ್ತೊಂದು, ಇನ್ನೊಂದರ ಮೇಲೆ ನಲವತ್ತೆರಡು. ತೊಡೆಯ ಎಲುಬಿನ ತಲೆಗಳು, ಸೊಂಟದ ಗುಣಿಯಲ್ಲಿ ತಿರುಗುವ ಗುಂಡಗಿನ ಭಾಗ. ಮನುಷ್ಯರವು ಎಂಬುದು ಗಾತ್ರ ನೋಡಿದರೆ ಗೊತ್ತಾಗುತ್ತಿತ್ತು. ಕೀಲು ಸವೆದವರಿಗೆ ಡಾಕ್ಟರು ಇದನ್ನು ತೆಗೆದು ಲೋಹದ್ದು ಕೂರಿಸುತ್ತಾರೆ, ತೆಗೆದದ್ದನ್ನು ಒಪ್ಪಿಗೆ ಬರೆಸಿಕೊಂಡು ಕೇಳಿ ತಂದೆ ಎಂದರು. ಒಬ್ಬರು ಈ ಕಡೆಯ ನೀರು ಕುಡಿದವರು, ಒಬ್ಬರು ಕುಡಿಯದವರು. ಯಾವುದು ಯಾರದು ಎಂದು ಹೇಳಲಿಲ್ಲ.

ಹೈದರಾಬಾದಿನಲ್ಲಿಯೇ ಅರೆಯಬಹುದಿತ್ತಲ್ಲ ಎಂದು ನಾನು ಕೇಳಿದೆ.

"ನಲವತ್ತೂ ನಿನ್ನ ಕೈಲಿ ಅರದಾವ," ಎಂದರು. "ಕೈ ಬದಲಾದ್ರ ಹೋಲಿಸಾಕ ಬರಂಗಿಲ್ಲ. ಇವೂ ನೀನ ಅರೀಬೇಕು."

ಸುಣ್ಣದ ಮಾತು ಅವರು ಎತ್ತಲಿಲ್ಲ. ನಾನು ಕೈ ತೊಳೆದೆ. ಮತ್ತೊಮ್ಮೆ ತೊಳೆದೆ.

ಆಗಲೇ ಮುತ್ಯಾನೂ ಶರಣವ್ವನೂ ಬಂದದ್ದು. ಅಕ್ಕೋರು ಬಂದ ಸುದ್ದಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತ್ತಂತೆ. ಶರಣವ್ವ ಬಾಗಿಲಲ್ಲಿ ನಿಂತಳು. ಮುತ್ಯಾ ಒಳಗೆ ಬಂದು ಇಡೀ ಮೈ ತಿರುಗಿಸಿ ಅಕ್ಕೋರ ಕೋಲು ನೋಡಿದ. ಸೊಂಟ ನೋಡಿದ. ಮೇಜಿನ ಮೇಲಿನ ಎರಡು ಡಬ್ಬಿ ನೋಡಿದ. ಜೀವಮಾನವಿಡೀ ಕುಂಟುವ ಕುರಿಗಳನ್ನು ನೋಡಿದವನು ಅವನು.

"ಇದರಾಗ ಒಂದು ನಿಂದೇನವ್ವಾ?" ಎಂದ.

ಅಕ್ಕೋರ ಎನ್ನುವುದು, ರೀ ಎನ್ನುವುದು, ಎಲ್ಲ ಬಿಟ್ಟಿದ್ದ.

ಅಕ್ಕೋರು ನನ್ನ ಕಡೆ ನೋಡಿದರು, ಅವನ ಕಡೆ ಅಲ್ಲ. "ಯಾವುದು ಅಂತ ಕೇಳಬ್ಯಾಡ ಮುತ್ಯಾ," ಎಂದರು. "ಈತ ಎರಡೂ ಅರೆದು ಮುಗಿಸೂತನಕ ಹೇಳಂಗಿಲ್ಲ."

ನಾನು ಗರಗಸ ಕೈಗೆತ್ತಿಕೊಂಡೆ. ಮೊದಲು ನಲವತ್ತೆರಡು. ಬೆಣ್ಣೆಯ ಬಣ್ಣದ ಎಲುಬು, ಒಳಗೆ ಜೇನುಗೂಡಿನಂತೆ ಜಾಳುಜಾಳು, ಗರಗಸ ಸಲೀಸಾಗಿ ಇಳಿಯಿತು. ಆಮೇಲೆ ನಲವತ್ತೊಂದು. ಅದು ಬಳಪದ ಹಾಗೆ ಬೆಳ್ಳಗಿತ್ತು. ಮೇಲೆ ಇರಬೇಕಾಗಿದ್ದ ಹೊಳೆಯುವ ಪದರ ಒಂದು ಅಂಚಿನಲ್ಲಿ ಮಾತ್ರ ಉಳಿದಿತ್ತು, ಹಳದಿಯಾಗಿ, ಸುಲಿದ ಸಿಪ್ಪೆಯಂತೆ. ಗರಗಸ ಜಾರಿತು. ಒಳಗೆ ಜೇನುಗೂಡು ಇರಲಿಲ್ಲ, ಎಲ್ಲ ಒತ್ತಾಗಿ ಮುಚ್ಚಿಕೊಂಡಿತ್ತು. ಜೋರಾಗಿ ಎಳೆಯಬೇಕಾಯಿತು. ವಾಸನೆ ಎದ್ದಿತು. ಯಾವುದು ಯಾರದೆಂದು ನನ್ನ ಕೈಗೆ ಗೊತ್ತಾಯಿತು. ತಲೆಯೆತ್ತಿ ನೋಡಲಿಲ್ಲ. ಅವರು ನನ್ನಿಂದ ಎರಡು ಮೊಳ ದೂರದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. ಪುಡಿ ಮೇಜಿನ ಮೇಲೆ ಬಿದ್ದಾಗಲೆಲ್ಲ ಕಾಗದದ ಚೂರಿನಿಂದ ಸರಿಸಿ ಒರಳಿಗೆ ಹಾಕುತ್ತಿದ್ದರು, ಒಂದು ಕಣವೂ ಕೆಡದಂತೆ.

ಅರ್ಧ ಅರೆದೆ. ಉಳಿದರ್ಧವನ್ನು ಕಟ್ಟಳೆಯಂತೆ ಜಾಡಿಯಲ್ಲಿಟ್ಟು ನಂಬರು ಅಂಟಿಸಿದೆ. ನೋಟುಬುಕ್ಕಿನಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ, ಯಾರಿದ್ದರು ಎಂದು ಬರೆದೆ. ಅವರು ಓದಿ ಸಹಿ ಮಾಡಿದರು. ನಂತರ, "ನಲವತ್ತೊಂದು ನಂದು," ಎಂದರು. ಹೊತ್ತು ಎಷ್ಟಾಯಿತು ಎಂದು ಕೇಳುವ ದನಿಯಲ್ಲಿ.

ಗೀಟು ಬಂತು. ಅದರಲ್ಲಿ ಇರಬೇಕಾದದ್ದು ಇತ್ತು. ಕೀಲು ಹೋದದ್ದು ನೀರಿನಿಂದಲೇ ಎಂದು ಅವರು ಬರೆಯಲಿಲ್ಲ. ಅದು ಈ ಗೀಟಿನಿಂದ ಹೇಳಲಾಗದು ಎಂದರು. ನೀರು ಎಲುಬಿನಲ್ಲಿದೆ ಎಂದಷ್ಟೇ ಬರೆದರು, ಎಲುಬು ಯಾರದೆಂದೂ ಬರೆದರು. ಒಂದು ಎಲುಬಿನ ಮೇಲೆ ಒಂದು ಊರಿನ ಬೋರಿಂಗು ಮುಚ್ಚಲಾಗದು ಎಂದು ಶಹಾಪುರದಿಂದ ಉತ್ತರ ಬಂತು.

ಆದರೆ ಶರಣವ್ವ ಅಂದು ಬಾಗಿಲಲ್ಲಿ ನಿಂತಿದ್ದಳಲ್ಲ... ಅಕ್ಕೋರು ತಮ್ಮ ತೊಡೆ ಕೊಯ್ಸಿಕೊಂಡು ದೊಡ್ಡಿಗಾಗಿ ಎಲುಬು ಕೊಟ್ಟಾರ ಎಂದು ಮನೆಮನೆಗೆ ಹೇಳಿದಳು. ಹದಿನೈದು ದಿನದೊಳಗೆ ಹೆಂಗಸರು ಜಾಲಿಮುಳ್ಳು ಕಡಿದು ತಂದು ಬೋರಿಂಗಿನ ಸುತ್ತ ಆಳೆತ್ತರ ಒಟ್ಟಿದರು. ದಿನ್ನೆ ಇಳಿದು ಕಾಲುವೆಯಿಂದ ನೀರು ತಂದು, ಸೋಸಿ, ಕಾಯಿಸತೊಡಗಿದರು. ತೊಟ್ಟಿ ಬಂದದ್ದು ಅದಕ್ಕೂ ಬಹಳ ವರ್ಷಗಳ ಮೇಲೆ.

ಅಕ್ಕೋರು ಇದನ್ನು ಕೇಳಿ ಸಂತೋಷಪಡಲಿಲ್ಲ. ನನ್ನನ್ನು ಕರೆದುಕೊಂಡು ದೊಡ್ಡಿಗೆ ಹೋದರು. ಮುಳ್ಳಿನ ಒಟ್ಟಿಲ ಮುಂದೆ ಕೋಲೂರಿ ನಿಂತು, ಹೆಂಗಸರನ್ನು ಸೇರಿಸಿ, ತಾವು ಏನೂ ಕೊಟ್ಟಿಲ್ಲ ಎಂದು ಹೇಳಿದರು. ಕಾಲು ಕೆಟ್ಟಿತ್ತು, ಡಾಕ್ಟರು ಹೇಗೂ ತೆಗೆಯುವವರಿದ್ದರು, ತೆಗೆದು ಬಿಸಾಕುವುದನ್ನು ಕೇಳಿ ತಂದೆ, ಅಷ್ಟೇ. ನೀರು ಕೆಟ್ಟದ್ದು ಎಂಬುದು ಖರೆ, ಅದಕ್ಕಾಗಿ ಬಿಡಿ, ನನಗಾಗಿ ಬಿಡಬೇಡಿ ಎಂದರು. ಹೆಂಗಸರು ಕೊನೆಯವರೆಗೂ ಕೇಳಿದರು.

"ಹೌದ್ರಿ ಅಕ್ಕೋರ," ಎಂದಳು ಶರಣವ್ವ. "ಕೊಟ್ಟವರು ಹಂಗ ಅಂತಾರ."

ಮುಳ್ಳನ್ನು ಯಾರೂ ತೆಗೆಯಲಿಲ್ಲ. ಮರಳುವಾಗ ಅಕ್ಕೋರು ಕಾಲುವೆಯ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತರು. "ಇಪ್ಪತ್ತು ವರ್ಷದಾಗ ನನ್ನ ಗೀಟು ಯಾರೂ ಇಷ್ಟು ನಂಬಿರಲಿಲ್ಲ," ಎಂದರು. "ಈಗ ನಂಬ್ಯಾರ, ಆದ್ರ ನಂಬಿದ್ದು ಗೀಟಲ್ಲ."

ಮರುವರ್ಷ ಅವರು ಹೈದರಾಬಾದಿಗೆ ಹೊರಟುಹೋದರು. ಅಗೇಟಿನ ಒರಳನ್ನು ನನಗೆ ಬಿಟ್ಟುಹೋದರು. ಕೆಲವು ವರ್ಷ ಪತ್ರ ಬಂದವು, ಮಕ್ಕಳ ಹಲ್ಲು ಹೇಗಿವೆ ಎಂದು ಪ್ರತಿ ಪತ್ರದಲ್ಲೂ ಕೇಳುತ್ತಿದ್ದರು. ಆಮೇಲೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು, ತೀರಿಕೊಂಡು ವರ್ಷ ಕಳೆದ ಮೇಲೆ. ಆ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಕ್ಷಮಿಸಿ ಎಂಬ ಮಾತನ್ನು ಅವರಿಗೆ ಎಂದೂ ಹೇಳಲಿಲ್ಲ. ಸುಣ್ಣದ ದಿನಾಂಕ ಬರೆದುಕೊಟ್ಟದ್ದೇ ಅದು ಎಂದು ಅವರು ತಿಳಿದಿರಬಹುದು. ತಿಳಿದಿರಲಿಕ್ಕಿಲ್ಲ.

ಹಲ್ಲಿನ ಡಾಕ್ಟರ ಬಳಿಯಿಂದ ಬಂದ ಮರುದಿನ ನಾನು ಕಾಲೇಜಿಗೆ ಹೋದೆ. ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋಗಿದೆ. ನಾನು ನಿಂತಿದ್ದ ಕೋಣೆಯಲ್ಲಿ ಈಗ ಮುರಿದ ಬೆಂಚುಗಳಿವೆ. ಕಲ್ಲಿನ ಮೇಜು ಮಾತ್ರ ಇದೆ. ಹಳೆಯ ಜಾಡಿಗಳು, ನೋಟುಬುಕ್ಕು ಏನಾದವು ಎಂದು ಈಗಿನ ಸಹಾಯಕನನ್ನು ಕೇಳಿದೆ. ವಿನಯವಂತ. ನೋಟುಬುಕ್ಕಿಗೆ ಗೆದ್ದಲು ಹತ್ತಿತ್ತು ಎಂದ. ಜಾಡಿಗಳಲ್ಲಿ ಎಲುಬಿನ ತುಂಡುಗಳಿದ್ದವು, ಎಲ್ಲವನ್ನೂ ಹಿಂದೆ ಗುಂಡಿ ತೋಡಿ ಹಾಕಿದೆವು ಎಂದ.

"ಹಂಗ ಒಗೀಲಿಲ್ರಿ ಸರ," ಎಂದ. "ಸುಣ್ಣ ಹಾಕೇ ಮುಚ್ಚೀವಿ."

ಯಾವ ದಿವಸ ಎಂದು ಕೇಳಿದೆ. ಅವನಿಗೆ ನೆನಪಿರಲಿಲ್ಲ. ಗುಂಡಿಯ ಜಾಗ ತೋರಿಸಿದ. ಬೇವಿನ ಮರದಿಂದ ನಾಲ್ಕು ಹೆಜ್ಜೆ, ಗೋಡೆಯ ಕಡೆಗೆ. ಬರೆದುಕೊಂಡೆ.

ಅಕ್ಕೋರು ತಮ್ಮ ಕಾಲು ತಾವೇ ಕೊಯ್ದು ಕೊಟ್ಟರು ಎಂದು ಈಗ ಸುರಪುರದಲ್ಲೂ ಹೇಳುವವರಿದ್ದಾರೆ. ಅದು ಹಾಗಲ್ಲ. ಆದದ್ದು ಮೇಲೆ ಬರೆದಷ್ಟೇ. ಆ ಮಂಗಳವಾರ ಆ ಕೋಣೆಯಲ್ಲಿದ್ದವರು ನಾಲ್ವರು. ಅಕ್ಕೋರು ಇಲ್ಲ. ಮುತ್ಯಾ, ತೊಟ್ಟಿಯ ನೀರು ಕುಡಿಯುವ ಮೊದಲೇ ಹೋದ. ಅವನ ಎಲುಬನ್ನು ಯಾರೂ ಕೇಳಲಿಲ್ಲ. ಶರಣವ್ವ ದೇವಾಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಕೇಳಿದರೆ ಹೇಳುತ್ತಾಳೆ, ಆದರೆ ತನ್ನ ರೀತಿಯಲ್ಲಿಯೇ ಹೇಳುತ್ತಾಳೆ. ಉಳಿದವನು ನಾನು.